ಜೋಹರಾ ಹೇಳಿದ್ದು ಖರೆ ಇತ್ತು

ಬದಾಮಿಯ ಸುಲಭಾ ಏನು ಕೆಲಸ ಮಾಡುತ್ತಾಳೆಂದು ಅವಳ ಓಣಿಯ ಹೆಂಗಸರಿಗೆ ತಿಳಿಸಿ ಹೇಳುವುದು ಕಷ್ಟವಾಗಿತ್ತು. ಅವಳು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳಲ್ಲ, ಬೇರೆಯವರು ಬರೆದಿಟ್ಟದ್ದನ್ನು ಓದುವವಳು. ಬಾಗಲಕೋಟೆಯ ನವನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅನಿಲಕುಮಾರ ಎಂಬವನು ಸಣ್ಣ ಕಂಪನಿ ನಡೆಸುತ್ತಿದ್ದ. ಸಹಕಾರಿ ಸಂಘ, ದವಾಖಾನೆ, ಕಾಲೇಜು ಇಂಥವರು ತಾವು ಬಳಸುವ ಸಾಫ್ಟ್‌ವೇರಿನ ಕೋಡನ್ನು ಅಲ್ಲಿಗೆ ಕಳಿಸುತ್ತಿದ್ದರು. ಹೊರಗಿನವರು ನುಸುಳಬಹುದಾದ ಸಂದು ಅದರಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿ ಹೇಳುವುದು ಸುಲಭಾಳ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಬದಾಮಿಯಿಂದ ರೈಲು ಹತ್ತಿ ಹೋಗಿ ಸಂಜೆ ಮರಳಿ ಬರುತ್ತಿದ್ದಳು.

"ಒಟ್ಟ ತಪ್ಪು ಹುಡುಕೂ ಕೆಲಸ ಅನ್ನು," ಎಂದು ಅವಳ ಅಪ್ಪ ವಾಸುದೇವಾಚಾರ್ಯರು ನಗುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. "ನಾನೂ ಜನ್ಮಪೂರ್ತಿ ಅದನ್ನ ಮಾಡೀನಿ. ಆದ್ರ ನನ್ನ ಕೈಯಾಗ ಕೆಂಪು ಪೆನ್ನಿತ್ತು."

ಆ ವರ್ಷ ಶ್ರಾವಣದಲ್ಲಿ ಇಳಕಲ್ಲಿನ ಒಂದು ರಕ್ತ ತಪಾಸಣೆಯ ಲ್ಯಾಬಿನಿಂದ ಕೋಡ್ ಬಂತು. ದೊಡ್ಡ ದವಾಖಾನೆಯೊಂದು ತನ್ನ ರೋಗಿಗಳನ್ನು ಆ ಲ್ಯಾಬಿಗೆ ಕಳಿಸಲು ಒಪ್ಪಿತ್ತು. ಆದರೆ ಸಾಫ್ಟ್‌ವೇರ್ ಭದ್ರವಾಗಿದೆ ಎಂಬ ಪ್ರಮಾಣಪತ್ರ ಮೊದಲು ಬೇಕು ಎಂದು ಕೇಳಿತ್ತು. ಲ್ಯಾಬಿನ ಮಾಲೀಕ ಮಹಾಂತೇಶ ಫೋನಿನಲ್ಲಿ, "ಬರೇ ನೆಪಕ್ಕ ಬೇಕ್ರಿ ಮೇಡಂ. ನಮ್ಮದೆಲ್ಲಾ ಬರೋಬರಿ ಐತಿ," ಎಂದಿದ್ದ. ಎಲ್ಲರೂ ಹಾಗೆಯೇ ಹೇಳುತ್ತಿದ್ದರು.

ಸುಲಭಾ ಮೊದಲು ಸ್ಕ್ಯಾನರ್ ಓಡಿಸಿದಳು. ಅದು ಸಾವಿರಾರು ಸಾಲುಗಳನ್ನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಜಾಲಾಡಿ, ಅನುಮಾನ ಬಂದಲ್ಲೆಲ್ಲ ಕೆಂಪು, ಹಳದಿ ಗುರುತು ಹಾಕಿ ಕೊಟ್ಟಿತು. ಒಂದೆಡೆ ಪಾಸ್‌ವರ್ಡನ್ನು ಕೋಡಿನಲ್ಲಿಯೇ ಬರೆದಿಟ್ಟಿದ್ದರು, ಇನ್ನೊಂದೆಡೆ ಹಳೆಯದಾದ ಭಾಗವೊಂದನ್ನು ಬದಲಿಸದೆ ಬಿಟ್ಟಿದ್ದರು. ಉಳಿದ ಗುರುತುಗಳಲ್ಲಿ ಹೆಚ್ಚಿನವು ಸುಮ್ಮನೆ ಹೆದರಿಕೆಯವು. ಆದರೆ ಸ್ಕ್ಯಾನರಿಗೆ ಬರೆದದ್ದು ಕಾಣುತ್ತದೆಯೇ ಹೊರತು ಬರೆಯಬೇಕಾಗಿದ್ದು, ಬರೆಯದೆ ಉಳಿದದ್ದು ಕಾಣುವುದಿಲ್ಲ. ಅದಕ್ಕೆ ಮನುಷ್ಯರೇ ಕೂತು ಓದಬೇಕು. ಅವಳು ಓದುತ್ತ ಕೂತಳು. ಮೂರನೆಯ ದಿನ ಮಧ್ಯಾಹ್ನ, ಡಬ್ಬಿಯ ಮುಚ್ಚಳ ತೆಗೆದು ಚಪಾತಿ ಮುರಿಯುವ ಹೊತ್ತಿಗೆ, ಅವಳ ಕಣ್ಣು ಒಂದು ಕಡೆ ನಿಂತಿತು.

ರಕ್ತ ಕೊಟ್ಟು ಹೋದವರಿಗೆ ರಿಪೋರ್ಟ್ ತಯಾರಾದ ಮೇಲೆ ಮೊಬೈಲಿಗೆ ಒಂದು ಲಿಂಕ್ ಹೋಗುತ್ತಿತ್ತು. ಲಿಂಕಿನ ಕೊನೆಯಲ್ಲಿ ಆ ರಿಪೋರ್ಟಿನ ನಂಬರು. ಒತ್ತಿದರೆ ರಿಪೋರ್ಟ್ ತೆರೆಯುತ್ತದೆ. ಯಾವ ನಂಬರಿನ ರಿಪೋರ್ಟ್ ಬೇಕು ಎಂದಷ್ಟೇ ಕೋಡ್ ಕೇಳುತ್ತಿತ್ತು. ಕೇಳುವವರು ಯಾರು ಎಂದು ಎಲ್ಲಿಯೂ ಕೇಳುತ್ತಿರಲಿಲ್ಲ. ಅವಳು ಹಿಂದೆ ಹೋಗಿ ನೋಡಿದಳು, ಮುಂದೆ ಹೋಗಿ ನೋಡಿದಳು. ಎಲ್ಲಿಯೂ ಇರಲಿಲ್ಲ. ನಂಬರಿನ ಕೊನೆಯ ಅಂಕಿಯನ್ನು ಬದಲಿಸಿದರೆ ಸಾಕು, ಯಾರ ರಿಪೋರ್ಟನ್ನು ಯಾರು ಬೇಕಾದರೂ ನೋಡಬಹುದಿತ್ತು.

ಇಂಥದು ಸಿಕ್ಕಾಗ ಅವಳಿಗೆ ಒಳಗೊಳಗೆ ಒಂದು ಸಣ್ಣ ಸಂತೋಷವಾಗುತ್ತಿತ್ತು, ಆ ದಿನವೂ ಆಯಿತು. ಆಮೇಲೆ ಬಹಳ ದಿನ ಆ ಸಂತೋಷ ನೆನಪಾದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು.

ಮಾರನೆಯ ವಾರ ಅನಿಲಕುಮಾರ ಅವಳನ್ನು ಇಳಕಲ್ಲಿಗೆ ಕಳಿಸಿದ. ಅಮೀನಗಡ, ಹುನಗುಂದ ದಾಟಿ ಬಸ್ಸು ಇಳಕಲ್ ಮುಟ್ಟಿದಾಗ ಹನ್ನೊಂದು ಗಂಟೆಯ ಬಿಸಿಲು. ಲ್ಯಾಬು ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಗ್ರಾನೈಟ್ ಪಾಲಿಶ್ ಕೆಲಸದವರು ಮೈಮೇಲಿನ ಬಿಳಿ ಧೂಳನ್ನೂ ಝಾಡಿಸದೆ ತೋಳು ಮಡಚಿ ಕೂತಿದ್ದರು. ಮಹಾಂತೇಶ ಐವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿದ, ಮೆತ್ತಗೆ ಮಾತಾಡುವ ಮನುಷ್ಯ. ಒಳಗೆ ಕರೆದು ಕೂರಿಸಿ ಚಹಾ ತರಿಸಿದ.

"ನಿಮ್ಮ ಸ್ವಂತದ್ದೊಂದು ರಿಪೋರ್ಟ್ ಲಿಂಕ್ ಅದ ಏನ್ರಿ ಮೊಬೈಲ್‌ನ್ಯಾಗ?" ಎಂದು ಸುಲಭಾ ಕೇಳಿದಳು.

ಅವನ ಸಕ್ಕರೆ ಕಾಯಿಲೆಯ ರಿಪೋರ್ಟಿನ ಲಿಂಕ್ ಇತ್ತು. ಅವಳು ಅವನ ಎದುರಿಗೇ ಅದರ ಕೊನೆಯ ಅಂಕಿಯನ್ನು ಅಳಿಸಿ ಬೇರೆ ಅಂಕಿ ಒತ್ತಿ, ಮೊಬೈಲನ್ನು ಅವನ ಕೈಗೇ ಕೊಟ್ಟಳು. ಪರದೆಯ ಮೇಲೆ ಯಾರದೋ ಹೆಂಗಸಿನ ಹೆಸರು, ವಯಸ್ಸು, ಕೆಳಗೆ ರಕ್ತದ ಲೆಕ್ಕ. ಒಂದು ಕ್ಷಣ ನೋಡಿ ಅವನು ಮೊಬೈಲನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿದ.

"ಬ್ಯಾರೆಯವರ ಮೊಬೈಲ್‌ನ್ಯಾಗೂ ಹಿಂಗ ಬರತೈತೇನ್ರಿ?"

"ಯಾರ ಮೊಬೈಲ್‌ನ್ಯಾಗಾದ್ರೂ ಬರತದ್ರಿ."

"ಎಂದಿನಿಂದ?"

"ಈ ಲಿಂಕ್ ಕಳಸೂದು ಚಾಲೂ ಮಾಡಿದಾಗಿಂದ."

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಸಂಗವ್ವ ಎಂಬ ಹೆಂಗಸು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತಳು.

"ಹಂಗಾದ್ರ ಜೋಹರಾ ಹೇಳಿದ್ದು ಖರೆ ಇತ್ತಲ್ರಿ ಸಾಹೇಬ್ರ," ಎಂದಳು.

"ಸಂಗವ್ವಾ, ನೀ ಹೊರಗ ಹೋಗು," ಎಂದ ಮಹಾಂತೇಶ. ಸಿಟ್ಟಿನಿಂದ ಹೇಳಿದ ಹಾಗೆ ಕಾಣಲಿಲ್ಲ. ಅವಳು ಹೋದ ಮೇಲೂ ಅವನು ಆ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ, "ಇದನ್ನ ಲಗೂನ ರಿಪೇರಿ ಮಾಡಸೋಣ್ರಿ ಮೇಡಂ. ಯಾರ ಮುಂದೂ ಮಾತು ಹೋಗೂದು ಬ್ಯಾಡ," ಎಂದ.

ಸುಲಭಾ ಮೆಟ್ಟಿಲಿಳಿಯುವಾಗ ಸಂಗವ್ವ ಕೆಳಗೆ ಕಾಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆಯುತ್ತ ಎಲ್ಲ ಹೇಳಿದಳು.

ಜೋಹರಾ ಆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಹುಡುಗಿ. ಸೂಜಿ ಚುಚ್ಚಿದ್ದು ಗೊತ್ತಾಗದಷ್ಟು ಹಗುರ ಕೈ. ಕೂಸುಗಳ ತಾಯಂದಿರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅವಳ ತಾಯಿ ಹುಸೇನಬಿ ನೇಕಾರ ಈರಪ್ಪನ ಮನೆಯಲ್ಲಿ ಕೊಂಡಿ ಕೆಲಸ ಮಾಡುತ್ತಿದ್ದಳು. ಅಂದರೆ ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಎಳೆ ಎಳೆಯಾಗಿ ಜೋಡಿಸುವ ಕೆಲಸ. ಎರಡೂ ಮನೆ ಒಂದೇ ಓಣಿಯಲ್ಲಿ. ಈರಪ್ಪನ ಮಗಳು ಗೀತಾಂಜಲಿ ಮತ್ತು ಜೋಹರಾ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಹಿಂದಿನ ವರ್ಷ ಗೀತಾಂಜಲಿಗೆ ಗುಳೇದಗುಡ್ಡದ ಗಂಡು ಗೊತ್ತಾಗಿತ್ತು. ಮದುವೆಗೆ ಮುಂಚೆ ರಕ್ತ ತಪಾಸಣೆ ಮಾಡಿಸಿಕೊಂಡಾಗ ಅವಳಿಗೆ ಯಕೃತ್ತಿನ ಸೋಂಕಿದೆ ಎಂದು ಬಂತು. ಅವಳ ತಪ್ಪೇನೂ ಇಲ್ಲ, ಹೆಚ್ಚಾಗಿ ಹುಟ್ಟಿನಿಂದಲೇ ಬಂದದ್ದು, ಗಂಡನಾಗುವವನು ಲಸಿಕೆ ಹಾಕಿಸಿಕೊಂಡರೆ ಹೆದರುವಂಥದ್ದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹುಡುಗನಿಗೆ ತಾನೇ ಕೂತು ತಿಳಿಸಿ ಹೇಳುತ್ತೇನೆಂದು ಗೀತಾಂಜಲಿ ನಿಶ್ಚಯ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಹುಡುಗನ ಅಣ್ಣ, "ನಿಮ್ಮ ಹುಡುಗಿ ರಿಪೋರ್ಟ ನನ್ನ ಮೊಬೈಲ್‌ನ್ಯಾಗ ಐತಿ," ಎಂದು ನಾಲ್ಕು ಮಂದಿಯ ಎದುರು ಆಡಿ ತೋರಿಸಿದ. ಸಂಬಂಧ ಮುರಿಯಿತು.

"ಆ ರಕ್ತ ತಗದಾಕಿ ಜೋಹರಾ. ಹಿಂಗಾಗಿ ಆಕೀನ ಕಳಸ್ಯಾಳ ಅಂದ್ರು ಎಲ್ಲಾರೂ," ಎಂದಳು ಸಂಗವ್ವ. "ಆಕಿ ತನ್ನ ಮೊಬೈಲ್ ತಗದು ತೋರಿಸಿದ್ಳರಿ. ಅಳಿಸಿ ಹಾಕಿರ್ತಿ ಅಂದ್ರು. ಕುರಾನ್ ಮುಟ್ಟಿ ಹೇಳತೇನಿ ಅಂದ್ಳು. ಯಾರು ಕೇಳಬೇಕು? ಸಾಹೇಬ್ರು ಕೆಲಸ ಬಿಡಿಸಿದ್ರು. ಹುಸೇನಬಿಗೆ ಈರಪ್ಪನ ಮನಿ ಬಾಗಿಲ ಮುಚ್ಚಿತು. ತಾಯಿ ಮಗಳು ಊರ ಬಿಟ್ಟು ಹುನಗುಂದಕ್ಕ ಹೋದ್ರು."

"ಹುಡುಗನ ಅಣ್ಣಗ ಹೆಂಗ ಸಿಕ್ಕಿತು ಅಂತ ಯಾರೂ ಕೇಳಲಿಲ್ಲೇನು?"

"ಅವನೂ ಅವತ್ತ ಮುಂಜಾನಿ ಇಲ್ಲೇ ರಕ್ತ ಕೊಟ್ಟಿದ್ದ. ಪಾಲಿಶ್ ಫ್ಯಾಕ್ಟರಿಯಾಗ ಇರ್ತಾನ ಅವ. ಅದನ್ನ ಯಾರು ಕೇಳ್ತಾರ್ರಿ ಅಕ್ಕಾರ. ತಪ್ಪು ಹೊರಸಾಕ ಒಬ್ಬಾಕಿ ಸಿಕ್ಕಿದ್ಲಲ್ಲ."

ಒಂದೇ ದಿನದ ಎರಡು ರಿಪೋರ್ಟು, ಅಕ್ಕಪಕ್ಕದ ನಂಬರು. ತನ್ನ ಲಿಂಕಿನ ಅಂಕಿ ಬದಲಿಸಿ ನೋಡಿರಬೇಕು ಅವನು. ಬಸ್ಸು ಹುನಗುಂದದಲ್ಲಿ ನಿಂತಾಗ ಸುಲಭಾ ಕಿಟಕಿಯಿಂದ ಆ ಊರನ್ನು ನೋಡಿದಳು. ಇಳಿಯಲಿಲ್ಲ. ಆ ಹುಡುಗಿಯ ಮನೆ ಎಲ್ಲೋ, ಹೋಗಿ ತಾನು ಯಾರೆಂದು ಹೇಳುವುದು.

ಆಫೀಸಿಗೆ ಬಂದು ಅನಿಲಕುಮಾರನಿಗೆ ಹೇಳಿದಾಗ ಅವನು ಕನ್ನಡಕ ತೆಗೆದು ಒರೆಸಿಕೊಂಡ. ಕೆಟ್ಟವನಲ್ಲ ಅವನು.

"ನಾವು ಸಹಿ ಮಾಡೇವಿ ಸುಲಭಾ. ಗಿರಾಕಿ ಕೋಡಿನಾಗ ಏನ ಸಿಕ್ಕರೂ ಗಿರಾಕಿಗೆ ಅಷ್ಟ ಹೇಳಬೇಕು. ಹೊರಗ ಬಾಯಿ ಬಿಟ್ರ ನಾಳೆ ಯಾರೂ ನಮಗ ಕೋಡ್ ಕೊಡಂಗಿಲ್ಲ. ಮಹಾಂತೇಶ ಅವರಿಗೆ ಗೊತ್ತಾತಲ್ಲ. ಹೇಳೂದಿದ್ರ ಅವರು ಹೇಳಲಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲು ಸಂದು ಮುಚ್ಚಬೇಕಾಗಿತ್ತು. ಅದು ತೆರೆದಿರುವವರೆಗೆ ಇನ್ನೆಷ್ಟು ಗೀತಾಂಜಲಿಯರೋ. ಸುಲಭಾ ಆ ಕೆಲಸಕ್ಕೆ ಬಿದ್ದಳು. ಲ್ಯಾಬಿಗೆ ಕೋಡ್ ಬರೆದುಕೊಟ್ಟ ಹುಡುಗರ ಬೆನ್ನು ಹತ್ತಿ, ರಿಪೋರ್ಟ್ ತೆರೆಯುವ ಮುಂಚೆ ರಕ್ತ ಕೊಟ್ಟವರ ಮೊಬೈಲಿಗೇ ಒಂದು ಗುಟ್ಟಿನ ಸಂಖ್ಯೆ ಹೋಗುವ ಹಾಗೆ ಮಾಡಿಸಿದಳು. ನಡುವೆ ಎರಡು ಸಲ ಮಹಾಂತೇಶನಿಗೆ ಫೋನ್ ಮಾಡಿ ಜೋಹರಾಳ ವಿಷಯ ಎತ್ತಿದಳು. "ಹೇಳತೇನ್ರಿ ಮೇಡಂ. ನನಗೂ ಮನಸ್ಸಿಗೆ ಹತ್ತೈತಿ. ಗಣಪತಿ ಹಬ್ಬ ಮುಗೀಲಿ," ಎಂದ. ಹಬ್ಬ ಮುಗಿದ ಮೇಲೆ, "ಮಾನವಮಿ ಆಗಲಿ," ಎಂದ. ಅಷ್ಟರಲ್ಲಿ ಮುಧೋಳದ ಸಹಕಾರಿ ಸಂಘದ ಕೋಡ್ ಬಂತು, ಅದರ ಹಿಂದೆ ಇನ್ನೊಂದು. ಜೋಹರಾಳ ಹೆಸರು ದಿನಕ್ಕೊಮ್ಮೆ ನೆನಪಾಗುತ್ತಿದ್ದದ್ದು ವಾರಕ್ಕೊಮ್ಮೆ ಆಯಿತು.

ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಸುಲಭಾ ಹೆಸರುಗಳನ್ನು ಹೇಳದೆ ನಡೆದದ್ದನ್ನು ಹೇಳಿದಳು. ಯಾಕೆ ಹೇಳಿದಳೋ, ಹೊಗಳಿಸಿಕೊಳ್ಳಲಿಕ್ಕೂ ಇರಬಹುದು.

ವಾಸುದೇವಾಚಾರ್ಯರು ಬದನೆಕಾಯಿಯನ್ನು ನೀರಿಗೆ ಹಾಕಿದರು. "ತಪ್ಪು ಸಿಕ್ಕಿತು. ಯಾರಿಗೆ ಹೇಳಿದಿ?"

"ಯಾರ ತಪ್ಪೋ ಅವರಿಗೆ."

"ಆ ಹುಡುಗಿಗೆ?"

"ಅದನ್ನ ಅವರು ಹೇಳಬೇಕಪ್ಪ. ನಮ್ಮ ಕರಾರು ಹಂಗದ."

ಅಪ್ಪ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಸಾಲಿಯೊಳಗ ಒಬ್ಬನ ತಪ್ಪಿಗೆ ಇನ್ನೊಬ್ಬಗ ಏಟು ಬಿದ್ದದ್ದು ಗೊತ್ತಾದ್ರ ಅವತ್ತ ಊಟ ಸೇರತಿರಲಿಲ್ಲ ನೋಡು ನನಗ," ಎಂದರು. ಆ ದಿನ ಸುಲಭಾಳಿಗೂ ಊಟ ಸೇರಲಿಲ್ಲ.

ರಜೆ ಮುಗಿದ ದಿನವೇ ಅವಳು ಅನಿಲಕುಮಾರನ ಎದುರು ನಿಂತು, ಇಳಕಲ್ಲಿನ ಲ್ಯಾಬಿನ ಪ್ರಮಾಣಪತ್ರಕ್ಕೆ ತಾನು ಸಹಿ ಮಾಡುವುದಿಲ್ಲ ಎಂದಳು. "ಸಂದು ಮುಚ್ಚೇದ, ಖರೆ. ಆದ್ರ ಅದರಿಂದ ಯಾರಿಗೆ ಏನಾತು ಅಂತ ಅವರು ಇನ್ನೂ ಹೇಳಿಲ್ಲ. ಅದನ್ನ ಮಾಡಲಿ, ಸಹಿ ಮಾಡ್ತೇನಿ." ಅನಿಲಕುಮಾರ ವಾದ ಮಾಡಿದ, ಗಿರಾಕಿ ಹೋದಾನು ಎಂದ, ಕೊನೆಗೆ ಕೈಚೆಲ್ಲಿ, "ಫೋನ್ ನೀನ ಮಾಡು," ಎಂದ. ಅವಳು ಮಹಾಂತೇಶನಿಗೆ ಫೋನ್ ಮಾಡಿ ಅದನ್ನೇ ಹೇಳಿದಳು. ಅವನು, "ಒಬ್ಬವಗ ಹೋಗಾಕ ಕಾಲ ಏಳವಲ್ವು ಮೇಡಂ. ನೀವೂ ಬರ್ರಿ," ಎಂದ. ಅವನ ಮೇಲಿದ್ದ ಸಿಟ್ಟು ಆ ಮಾತಿಗೆ ಅರ್ಧ ಇಳಿಯಿತು.

ಭಾನುವಾರ ಇಬ್ಬರೂ ಮೊದಲು ಈರಪ್ಪನ ಮನೆಗೆ ಹೋದರು. ಈರಪ್ಪ ಸೀರೆ ಕೊಡಲು ಹೊರಗೆ ಹೋಗಿದ್ದ. ಮಗ್ಗ ನಿಂತಿತ್ತು. ಗೀತಾಂಜಲಿ ಮತ್ತು ಅವಳ ತಾಯಿ ನಾಗರತ್ನಾ ಚಾಪೆ ಹಾಸಿ ಕೂರಿಸಿದರು. ಮಹಾಂತೇಶ ಹೇಳಲು ಹೋಗಿ ತಡವರಿಸಿದ. ಸುಲಭಾ ಮೊಬೈಲ್ ಹಿಡಿದು, ಲಿಂಕು, ನಂಬರು ಎಲ್ಲ ತಿಳಿಸಿದಳು. ನಾಗರತ್ನಾಳಿಗೆ ಅರ್ಥವಾಗಲು ತಡವಾಯಿತು. ಗೀತಾಂಜಲಿಗೆ ತಡವಾಗಲಿಲ್ಲ. ಅವಳು ಗೋಡೆಗೆ ಆನಿಕೊಂಡು ನಿಂತಿದ್ದವಳು ಹಾಗೆಯೇ ಕುಸಿದು ಕೂತಳು.

"ಮೊಬೈಲ್‌ನ್ಯಾಗ ಐತಿ ಅಂದಿದ್ದ ಅವ," ಎಂದಳು. "ಯಾರು ಕಳಿಸಿದ್ರು ಅಂತ ಅವ ಅಂದಿರಲೇ ಇಲ್ಲ. ಅದನ್ನ ನಾವ ಅಂದ್ವಿ."

"ನೀ ಅನ್ನಲಿಲ್ಲವಾ, ನಾ ಅಂದೆ," ಎಂದಳು ನಾಗರತ್ನಾ.

"ನಾ ಸುಮ್ನಿದ್ದೆ ಅವ್ವಾ." ಗೀತಾಂಜಲಿ ಎದ್ದಳು. ಒಳಗೆ ಹೋಗಿ ಮುಖ ತೊಳೆದು ಬಂದು, "ನಾನೂ ಬರತೇನಿ," ಎಂದಳು.

ಹುನಗುಂದದಲ್ಲಿ ಜೋಹರಾ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಸಂಗವ್ವ ಹೇಳಿದ್ದಳು. ಭಾನುವಾರವಾದ್ದರಿಂದ ಕೋರ್ಟಿನ ಮುಂದೆ ಜನವಿರಲಿಲ್ಲ. ಅಂಗಡಿ ಅರ್ಧ ತೆರೆದಿತ್ತು. ಒಳಗೆ ತೆಳ್ಳಗಿನ ಹುಡುಗಿಯೊಬ್ಬಳು ಕಾಗದದ ಕಟ್ಟು ಬಿಚ್ಚಿ ಜೋಡಿಸುತ್ತಿದ್ದಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಹೊರಗೆ ನೋಡಿದಳು. ಮೊದಲು ಮಹಾಂತೇಶನನ್ನು, ಆಮೇಲೆ ಅವನ ಹಿಂದಿದ್ದ ಗೀತಾಂಜಲಿಯನ್ನು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬರ್ರಿ. ಕುಂದರ್ರಿ," ಎಂದು ಎರಡು ಸ್ಟೂಲು ಎಳೆದು ಕೊಟ್ಟಳು. ಗೀತಾಂಜಲಿ ಕೂರಲಿಲ್ಲ.

ಮಹಾಂತೇಶ ಈ ಸಲ ತಡವರಿಸದೆ ಹೇಳಿದ. ಹೇಳಿ ಮುಗಿಸಿ, "ತಪ್ಪು ನಿಂದಲ್ಲವಾ ಜೋಹರಾ. ಕಂಪ್ಯೂಟರಿಂದಿತ್ತು," ಎಂದ.

"ನಂದಲ್ಲ ಅಂತ ನನಗ ಗೊತ್ತೈತಲ್ರಿ ಸಾಹೇಬ್ರ," ಎಂದಳು ಜೋಹರಾ. "ಅದನ್ನ ನನಗ ಹೇಳಾಕ ಇಷ್ಟ ದೂರ ಬರಬೇಕಾಗಿರಲಿಲ್ಲ."

ಅವಳು ಸುಲಭಾಳ ಕಡೆ ತಿರುಗಿದಳು. "ನೀವ ಏನ್ರಿ ಇದನ್ನ ಹುಡುಕಿದವರು?"

"ಹೌದು."

"ನಾ ಕಳಿಸಿಲ್ಲ ಅಂತ ಎಷ್ಟ ಮಂದಿ ಮುಂದ ಹೇಳಿದೆ ಗೊತ್ತೇನ್ರಿ? ಸಣ್ಣಾಕಿ ಇದ್ದಾಗಿಂದ ನನ್ನ ನೋಡಿದವರು ಅವರೆಲ್ಲಾ. ಯಾರೂ ನಂಬಲಿಲ್ಲ. ನೀವು ನನ್ನ ಮಾರಿ ಸೈತ ನೋಡಿಲ್ಲ. ನೀವು ಹೇಳಿದ ಕೂಡಲೆ ಎಲ್ಲಾರೂ ನಂಬಿದ್ರು."

ಅದು ಆರೋಪದ ದನಿಯಾಗಿರಲಿಲ್ಲ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಸುಲಭಾ ಕೈಯಲ್ಲಿನ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಅದನ್ನು ತೋರಿಸಬೇಕಾದ ಅಗತ್ಯ ಇಲ್ಲಿರಲಿಲ್ಲ.

ಗೀತಾಂಜಲಿ ಅಂಗಡಿಯ ಒಳಗೆ ಕಣ್ಣಾಡಿಸಿ, "ಹುಸೇನಬಿ ಚಾಚಿ ಎಲ್ಲಿ? ಮನ್ಯಾಗದಾಳೇನು?" ಎಂದು ಕೇಳಿದಳು.

ಜೋಹರಾ ಕಾಗದದ ಕಟ್ಟನ್ನು ಕೆಳಗಿಟ್ಟಳು. "ಅಮ್ಮಾ ಹೋದಳಲ್ಲ. ಗಣಪತಿ ಕಳಿಸಿದ ಮರುದಿನ. ಎದೀ ನೋವು ಅಂದ್ಳು, ದವಾಖಾನಿ ಮುಟ್ಟಲಿಲ್ಲ." ಆಮೇಲೆ, "ನಿಮಗೆಲ್ಲಾ ಗೊತ್ತೈತಿ ಅಂತ ತಿಳ್ಕೊಂಡಿದ್ದೆ," ಎಂದಳು.

ಗೀತಾಂಜಲಿ ದನಿಯಿಲ್ಲದೆ ಅಳತೊಡಗಿದಳು. ಮಹಾಂತೇಶ ಹೊರಗಿನ ರಸ್ತೆ ನೋಡುತ್ತ ನಿಂತ. ಮುಂದಿನ ಪ್ರಶ್ನೆ ಬರುವ ಮುಂಚೆಯೇ ಅದು ಸುಲಭಾಳಿಗೆ ಗೊತ್ತಿತ್ತು.

"ನಿಮಗ ಇದು ಯಾವಾಗ ಗೊತ್ತಾತ್ರಿ ಅಕ್ಕಾರ?"

ಮೊನ್ನೆ ಎನ್ನಬಹುದಿತ್ತು. ಮಹಾಂತೇಶ ಅವಳ ಕಡೆ ನೋಡಿದ. ಹಾಗೆ ಎಂದರೆ ಅವನೂ ಹೂಂಗುಟ್ಟುತ್ತಿದ್ದನೇನೋ.

"ಶ್ರಾವಣದಾಗ," ಎಂದಳು ಸುಲಭಾ.

"ಶ್ರಾವಣದಾಗ ಅಮ್ಮಾ ಚಲೋ ಇದ್ದಳು," ಎಂದಳು ಜೋಹರಾ. "ಸಂತಿಗೆ ಹೋಗತಿದ್ದಳು. ಆದ್ರ ದಿನಾ ಸಂಜೀಕ ಒಮ್ಮೆ ಕೇಳತಿದ್ದಳು ನೋಡ್ರಿ. ಬೇಟಿ, ಖರೆ ಹೇಳು, ಬಾಯಿ ತಪ್ಪಿ ಯಾರ ಮುಂದರ ಅಂದಿದ್ದಿಯೇನು, ನಾ ಬೈಯಂಗಿಲ್ಲ. ನಾ ಇಲ್ಲ ಅಂತಿದ್ದೆ. ಆತು ಬಿಡು ಅಂತಿದ್ದಳು. ಮರುದಿನ ಮತ್ತ ಕೇಳಾಕಿ." ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಂಡಳು. "ಕಡೀಗೂ ನಂಬಿದ್ದಳೋ ಇಲ್ಲೋ ನನಗ ಗೊತ್ತಿಲ್ಲ."

ಸುಲಭಾ, "ನಾ ಅವತ್ತ ಬರಬೇಕಾಗಿತ್ತು," ಎಂದಳು. "ಬಸ್ಸು ಈ ಊರಾಗ ನಿಂತಿತ್ತು. ನಾ ಇಳೀಲಿಲ್ಲ."

"ಹೂಂ," ಎಂದಳು ಜೋಹರಾ. ಪರವಾಗಿಲ್ಲ ಎನ್ನಲಿಲ್ಲ, ಬೈಯಲೂ ಇಲ್ಲ.

ಗೀತಾಂಜಲಿ ಹತ್ತಿರ ಹೋಗಿ ಅವಳ ಕೈ ಹಿಡಿದಳು. "ನಾ ಒಂದ ಸಲ ಫೋನ್ ಮಾಡಿದ್ರ ಆಗತಿತ್ತು."

"ಮಾಡಬೇಕಾಗಿತ್ತು," ಎಂದಳು ಜೋಹರಾ. ಕೈ ಬಿಡಿಸಿಕೊಳ್ಳಲಿಲ್ಲ. "ನಿನ್ನ ಲಗ್ನದ ಮಾತು ಏನಾತು?"

"ಏನೂ ಇಲ್ಲ. ಮಗ್ಗದ ಮುಂದ ಕುಂದರತೇನಿ. ಅಪ್ಪಗ ಕಣ್ಣ ಬರೋಬರಿ ಕಾಣವಲ್ದು."

"ಗುಳಿಗಿ ತಗೋತಿ ಇಲ್ಲೋ?"

"ತಗೋತೇನಿ."

ಮಹಾಂತೇಶ ಆಗ, ಲ್ಯಾಬಿಗೆ ಮರಳಿ ಬಾ, ಮೊದಲಿಗಿಂತ ಹೆಚ್ಚು ಪಗಾರ ಕೊಡುತ್ತೇನೆ ಎಂದ. ಜೋಹರಾ ತಲೆ ಅಲ್ಲಾಡಿಸಿದಳು. "ಮಂದಿ ಕೈ ಹಿಡಿಯಾಕ ನನಗ ಈಗ ಅಂಜಿಕಿ ಬರತೈತ್ರಿ ಸಾಹೇಬ್ರ. ಸೂಜಿ ಹಿಡದ್ರ ನಡಗತೈತಿ." ಆಮೇಲೆ, "ಏನರ ಮಾಡೂದಿದ್ರ ಒಂದ ಮಾಡ್ರಿ. ನನ್ನ ಮುಂದ ಹೇಳಿದ್ದನ್ನ ನಮ್ಮ ಓಣಿಯಾಗ ನಿಂತು ಹೇಳ್ರಿ. ಈರಪ್ಪ ಕಾಕಾನ ಮನಿ ಮುಂದ. ನಮ್ಮಮ್ಮಾ ತಲಿ ತಗ್ಗಿಸಿಕೊಂಡು ಹೋದದ್ದು ಅದ ಓಣಿಯಿಂದ," ಎಂದಳು.

"ನೀನೂ ಬಾರವಾ."

"ನಾ ಬರಂಗಿಲ್ಲ."

ಮುಂದಿನ ಭಾನುವಾರ ಸಂಜೆ ಮಹಾಂತೇಶ ಆ ಓಣಿಗೆ ಬಂದ. ಸುಲಭಾಳೂ ಬದಾಮಿಯಿಂದ ಬಂದಿದ್ದಳು. ಗೀತಾಂಜಲಿ ಮನೆ ಮನೆಗೆ ಹೋಗಿ ಕರೆದಿದ್ದಳು. ಹತ್ತಿಪ್ಪತ್ತು ಮಂದಿ ಸೇರಿದರು. ಕೆಲವರು ಬಾಗಿಲಲ್ಲೇ ನಿಂತರು. ಮಗ್ಗಗಳು ಒಂದೊಂದಾಗಿ ನಿಂತವು. ಮಹಾಂತೇಶ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ರಿಪೋರ್ಟು ಹೊರಗೆ ಹೋದದ್ದು ತನ್ನ ಲ್ಯಾಬಿನ ಕಂಪ್ಯೂಟರಿನ ಕೊರತೆಯಿಂದ, ಜೋಹರಾ ಯಾರಿಗೂ ಏನೂ ಕಳಿಸಿರಲಿಲ್ಲ, ತಾನು ವಿಚಾರಿಸದೆ ಅವಳನ್ನು ತೆಗೆದುಹಾಕಿದೆ ಎಂದು ಹೇಳಿದ. ದನಿ ದೊಡ್ಡದಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ಹೌದೇನು," ಎಂದ ಒಬ್ಬ. "ಈ ಮೊಬೈಲ್ ಬಂದು ಕೆಟ್ಟ ಹೋತು ನೋಡ್ರಿ," ಎಂದ ಇನ್ನೊಬ್ಬ. ಒಬ್ಬ ಮುದುಕಿ, "ಹುಸೇನಬಿ ಪಾಪ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಸ್ವಲ್ಪ ಹೊತ್ತಿಗೆ ಜನ ಚದುರಿದರು. ಎಲ್ಲೋ ಒಂದು ಮಗ್ಗ ಸದ್ದು ಮಾಡಿತು, ಅದರ ಹಿಂದೆ ಮತ್ತೊಂದು. ಒಂದು ಮಾತಿನಿಂದ ಕೆಟ್ಟದ್ದು ಇನ್ನೊಂದು ಮಾತಿನಿಂದ ನೆಟ್ಟಗಾದೀತೆಂದು ಸುಲಭಾ ಯಾಕೆ ನಂಬಿದ್ದಳೋ. ಬೈದವರೆಲ್ಲ ಆಗ ಎಷ್ಟು ಗಟ್ಟಿಯಾಗಿ ಬೈದಿದ್ದರೋ ಅವಳು ಕೇಳಿರಲಿಲ್ಲ. ಈಗ ಅವರ ಈ ಮೆತ್ತಗಿನ ಮಾತುಗಳನ್ನು ಮಾತ್ರ ಕೇಳಿದ್ದಳು.

ಬಸ್‌ಸ್ಟ್ಯಾಂಡಿಗೆ ಬಂದು ಅವಳು ಜೋಹರಾಳಿಗೆ ಫೋನ್ ಮಾಡಿದಳು.

"ಹೇಳಿದ್ರು," ಎಂದಳು.

"ಯಾರ್ಯಾರು ಇದ್ರು?"

ಸುಲಭಾ ತನಗೆ ತಿಳಿದಷ್ಟು ಹೆಸರು ಹೇಳಿದಳು. ತಿಳಿಯದವರ ಗುರುತು ಹೇಳಿದಳು, ಮೂಲೆ ಮನೆಯ ಮುದುಕಿ, ಹಸಿರು ಬಾಗಿಲ ಮನೆಯವನು. ಒಬ್ಬೊಬ್ಬರಿಗೂ ಆ ಕಡೆಯಿಂದ ಜೋಹರಾ ಹೂಂ ಎನ್ನುತ್ತಿದ್ದಳು.

"ಈರಪ್ಪ ಕಾಕಾ?"

"ಇದ್ರು. ಒಳಗಿಂದ ಎದ್ದು ಬಂದು ಬಾಗಲದಾಗ ನಿಂತಿದ್ರು."

"ಏನಂದ್ರು?"

"ಏನೂ ಅನ್ನಲಿಲ್ಲ. ಎಲ್ಲಾರೂ ಹೋದ ಮ್ಯಾಲೂ ಅಲ್ಲೇ ನಿಂತಿದ್ರು."

ಬದಾಮಿ ಬಸ್ಸಿನ ಕಂಡಕ್ಟರ್ ಹೊರಡುವ ಸೀಟಿ ಊದುತ್ತಿದ್ದ. ಆದರೂ ಸುಲಭಾ ಹತ್ತಲಿಲ್ಲ.

"ಅಮ್ಮಾ ಇದ್ದಿದ್ರ," ಎಂದಳು ಜೋಹರಾ, "ಕಾಕಾ ಅಷ್ಟೊತ್ತು ನಿಂತಿದ್ದ ಅಂದ್ರ ಅವನ ಮಣಕಾಲ ನೋವು ಹೆಂಗೈತಿ ಅಂತ ಕೇಳತಿದ್ಳು." ಆಮೇಲೆ, "ಇಡತೇನ್ರಿ ಅಕ್ಕಾರ. ನಾಳಿ ಕೋರ್ಟ ಐತಿ, ಕಾಗದ ಜೋಡಸಬೇಕು," ಎಂದು ಫೋನ್ ಇಟ್ಟಳು.